ಕೆಂಪಾಗಿ ಕಾಣದ ಹುಲ್ಲು

ಶ್ರೀರಾಂಪುರದ ಬಸ್ ಸ್ಟ್ಯಾಂಡು

ನಾನು ಹಾಲೆಂಡಿಗೆ ಹೊರಟ ದಿನ ಶ್ರೀರಾಂಪುರದ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿಕೊಟ್ಟವರು ಇಬ್ಬರೇ: ಅಣ್ಣ ಕಾಟಣ್ಣ, ಅತ್ತಿಗೆ ಕರಿಯಮ್ಮ. ನನ್ನ ಕೈಯಲ್ಲಿ ಹೊಸ ಸೂಟ್‌ಕೇಸು. ಮೈಮೇಲೆ ಚಿತ್ರದುರ್ಗದ ಟೈಲರು ಹೊಲಿದುಕೊಟ್ಟ, ತೋಳು ಎರಡು ಬೆರಳು ಉದ್ದವಾದ ಕೋಟು. ಅತ್ತಿಗೆ ಒಂದು ಕರಿ ಕಂಬಳಿ ತಂದಿದ್ದಳು. ನಮ್ಮ ಕುರಿಗಳದೇ ಉಣ್ಣೆ, ಅವಳೇ ನೂತದ್ದು. ಸೂಟ್‌ಕೇಸಿನಲ್ಲಿ ಹಿಡಿಸುವುದಿಲ್ಲ ಎಂದೆ.

"ಹಿಡಿಸದಿದ್ರೆ ಹೆಗಲ ಮ್ಯಾಲೆ ಹಾಕ್ಕಂಡು ಹೋಗು. ಕಂಬಳಿಗೇನು ಬ್ಯಾರೆ ಟಿಕೀಟು ಕೇಳ್ತಾರಾ?" ಎಂದಳು.

ಕೋಟಿನ ಮೇಲೆ ಕಂಬಳಿ ಹಾಕಿಕೊಂಡು ನಿಂತ ನನ್ನನ್ನು ನೋಡಿ ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು. ಅಷ್ಟರಲ್ಲಿ ಹಿರಿಯೂರಿನ ಕುರಿ ವ್ಯಾಪಾರಿ ಹುಸೇನ್ ಸಾಬರು ಬೀಡಿ ಸೇದುತ್ತಾ ಬಂದರು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವರಿಗೂ ನಮ್ಮಣ್ಣನಿಗೂ ನಡೆಯುತ್ತಿದ್ದ ಮಾತು ಒಂದೇ.

"ಏನಪ್ಪಾ ಕಾಟಣ್ಣ, ಕುರಿ ಎಷ್ಟು ಅವೆ?"

"ಅವೆ ನಾಲ್ಕು."

"ಕಾವಲ್ನಾಗೆ ಹುಲ್ಲು ಹೆಂಗೈತೆ?"

"ಎಲ್ಲೈತೆ ಸಾಬ್ರೇ ಹುಲ್ಲು? ಬರೀ ಕಲ್ಲು."

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಅಣ್ಣನ ಕುರಿ ನಾಲ್ಕಲ್ಲ ಎಂಬುದು ಸಾಬರಿಗೆ ಗೊತ್ತು. ಅವರಿಗೆ ಗೊತ್ತು ಎಂಬುದು ಅಣ್ಣನಿಗೂ ಗೊತ್ತು. ಆದರೆ ಕುರಿ ಕಾಯುವ ಹಟ್ಟಿಗಳಲ್ಲಿ ತಲೆ ಎಣಿಸಿ ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಕುರಿ ಮೇಯುವ ಕಾವಲಿನಲ್ಲಿ ಹುಲ್ಲು ಚೆನ್ನಾಗಿದೆ ಎಂದೂ ಹೇಳುವುದಿಲ್ಲ. ಹೇಳಿದರೆ ನಾಳೆ ಹೊತ್ತು ಮೂಡುವಷ್ಟರಲ್ಲಿ ಹತ್ತು ಹಟ್ಟಿಯ ಹಿಂಡುಗಳು ಅಲ್ಲಿ ಬಾಯಿ ಹಾಕಿರುತ್ತವೆ. ನಮ್ಮ ಕುರಿ ಎಷ್ಟಿದ್ದವೆಂದು ಬರೆಯಲು ನನಗೂ ಈಗಲೂ ಕೈ ಬರುವುದಿಲ್ಲ. ಕುರಿ ಕೂಡುವ ರೊಪ್ಪ ತುಂಬಿತ್ತು ಎಂದಷ್ಟೇ ತಿಳಿದುಕೊಳ್ಳಿ.

ಅಪ್ಪ ಅವ್ವ ಬೇಗ ಹೋಗಿಬಿಟ್ಟಿದ್ದರು. ನನ್ನನ್ನು ಹೊಸದುರ್ಗದಲ್ಲಿ, ಆಮೇಲೆ ಚಿತ್ರದುರ್ಗದಲ್ಲಿ ಓದಿಸಿದ್ದು ಆ ರೊಪ್ಪವೇ. ಓದಿದ್ದಕ್ಕೆ ಒಂದು ಇಲಾಖೆಯಲ್ಲಿ ಕೆಲಸ ಸಿಕ್ಕಿತು, ಆ ಇಲಾಖೆಯೇ ಎಂಟು ತಿಂಗಳ ತರಬೇತಿಗೆ ಹಾಲೆಂಡಿಗೆ ಕಳಿಸುತ್ತಿತ್ತು. ಉಪಗ್ರಹ ಆಕಾಶದಿಂದ ತೆಗೆದ ಚಿತ್ರ ನೋಡಿ, ನೆಲದ ಮೇಲೆ ಎಲ್ಲಿ ಎಷ್ಟು ಹಸಿರಿದೆ ಎಂದು ಹೇಳುವ ಹೊಸ ವಿದ್ಯೆ ಅದು. "ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ತಾಲ್ಲೂಕಿನ ನಕ್ಷೆ ಅಲ್ಲಿಂದಲೇ ಮಾಡಿ ಕಳಿಸು. ಪಾಳು ಬಿದ್ದ ನೆಲ ಎಲ್ಲೆಲ್ಲಿದೆ ತೋರಿಸು, ಮಳೆಗಾಲಕ್ಕೆ ನೀಲಗಿರಿ ನೆಟ್ಟುಬಿಡೋಣ," ಎಂದಿದ್ದರು ನಮ್ಮ ದೊಡ್ಡ ಸಾಹೇಬರು.

ಅಣ್ಣನಿಗೆ ಇದನ್ನೆಲ್ಲ ವಿವರಿಸಿದ್ದೆ. ಅವನಿಗಿದ್ದದ್ದು ಒಂದೇ ಚಿಂತೆ.

"ಅಲ್ಲಲೇ ತಿಮ್ಮ, ಅಷ್ಟು ಮ್ಯಾಲಿಂದ ನಮ್ಮ ಕುರಿ ಕಾಣ್ತಾವೇನು?"

"ಇಲ್ಲಣ್ಣ. ಒಂದೆಕರೆಗಿಂತ ಚಿಕ್ಕದು ಯಾವುದೂ ಕಾಣಲ್ಲ."

"ಸದ್ಯ, ಬದುಕಿದ್ವು," ಎಂದು ನಕ್ಕು ಸೂಟ್‌ಕೇಸನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಟ್ಟ.

ಹೆಂಡ್ರಿಕಾ ಅಜ್ಜಿಯ ಮನೆ

ವಿಮಾನದ ವಿಷಯ ನಾನು ಹೇಳುವುದಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕರೂ ಉದ್ದಕ್ಕೂ ಮೋಡ ಬಿಟ್ಟು ಏನೂ ಕಾಣಲಿಲ್ಲ. ಮೇಲಿನಿಂದ ಭೂಮಿ ನೋಡುವ ವಿದ್ಯೆ ಕಲಿಯಲು ಹೊರಟವನಿಗೆ ಅದು ಒಳ್ಳೆಯ ಶಕುನವೇನಲ್ಲ. ಇಳಿದ ಮೇಲೆ ಸುಂಕದವನು ಸೂಟ್‌ಕೇಸನ್ನು ಮುಟ್ಟದೆ ಕಂಬಳಿಯನ್ನು ಬಿಡಿಸಿ, ಮೂಸಿ, ಪಕ್ಕದವನಿಗೂ ಮೂಸಲು ಕೊಟ್ಟ. ಅವರ ನಾಯಿ ಒಂದು ಬಾರಿ ಮೂಸಿ ನನ್ನ ಕಾಲ ಬುಡದಲ್ಲೇ ಮಲಗಿಬಿಟ್ಟಿತು. ಪರದೇಶದಲ್ಲಿ ನನ್ನ ಗುರುತು ಹಿಡಿದ ಮೊದಲ ಪ್ರಾಣಿ ಅದು.

ತರಬೇತಿ ಸಂಸ್ಥೆಯವರು ಹೆಂಡ್ರಿಕಾ ಎಂಬ ವಿಧವೆಯ ಮನೆಯಲ್ಲಿ ನನಗೊಂದು ಕೋಣೆ ಗೊತ್ತುಮಾಡಿದ್ದರು. ಎಪ್ಪತ್ತರ ಹತ್ತಿರದ ಅಜ್ಜಿ, ನನಗಿಂತ ಒಂದು ಗೇಣು ಎತ್ತರ. ಬೀದಿಗೆ ತೆರೆದ ದೊಡ್ಡ ಗಾಜಿನ ಕಿಟಕಿ, ಸಂಜೆ ದೀಪ ಹಚ್ಚಿದ ಮೇಲೂ ಪರದೆ ಎಳೆಯುವುದಿಲ್ಲ. ಇಡೀ ಬೀದಿ ಹಾಗೇ. ಯಾರ ಮನೆಯಲ್ಲಿ ಏನು ಊಟ, ಯಾರು ಯಾರ ಮೇಲೆ ಮುನಿಸಿಕೊಂಡು ಕೂತಿದ್ದಾರೆ, ಎಲ್ಲವನ್ನೂ ನಡೆಯುತ್ತಲೇ ನೋಡಬಹುದು. ನಮ್ಮಲ್ಲಿ ಉಣ್ಣುವಾಗ ಯಾರಾದರೂ ಬಂದರೆ ಮುದ್ದೆ ಮರೆಮಾಡುತ್ತೇವೆ, ಇಲ್ಲವೆ ಅವರಿಗೂ ಒಂದು ಇಕ್ಕುತ್ತೇವೆ. ಇವರು ಮರೆಯೂ ಮಾಡುವುದಿಲ್ಲ, ಇಕ್ಕುವುದೂ ಇಲ್ಲ! ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದರೆ ಮುಗಿಯಿತು. ಇನ್ನೊಂದು ಬೇಕಿತ್ತು ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದೆ. "ಬೇಕಿದ್ದರೆ ಮೊದಲೇ ಹೇಳಬೇಕು, ನನಗೆ ಹೇಗೆ ಗೊತ್ತಾಗುತ್ತದೆ?" ಎಂದು ಎರಡು ಕೊಟ್ಟಳು.

ಮನಸ್ಸಿನಲ್ಲಿದ್ದದ್ದು ನಾಲಿಗೆಗೆ ಬರಲು ಅವರಿಗೆ ಒಂದು ಗಳಿಗೆಯೂ ಬೇಡ. "ನಿನ್ನ ಕಂಬಳಿ ನಾರುತ್ತದೆ," "ನಿನ್ನ ಕೋಟಿನ ತೋಳು ಉದ್ದ," "ನೀನು ಸೈಕಲ್ಲನ್ನು ತಪ್ಪು ಬದಿಯಲ್ಲಿ ಹೊಡೆಯುತ್ತೀಯ." ಕೊನೆಯದನ್ನು ನಾನು ಕೇಳಬೇಕಿತ್ತು. ಊರಿನ ಅಭ್ಯಾಸದಲ್ಲಿ ಎಡಕ್ಕೆ ಹೊಡೆದು, ಎದುರು ಬಂದ ಪಾದ್ರಿಯೊಬ್ಬರನ್ನು ತಪ್ಪಿಸಲು ಹೋಗಿ ನೀರಿನ ಕಾಲುವೆಗೆ ಬಿದ್ದೆ. ಒದ್ದೆಯಾದ ಕಂಬಳಿಯನ್ನು ಒಲೆಯ ಹತ್ತಿರ ಹರವಿದ್ದಕ್ಕೆ, ಮನೆಯೊಳಗೆ ಯಾವುದೋ ಪ್ರಾಣಿ ನುಗ್ಗಿದೆ ಎಂದು ಅಜ್ಜಿ ಪೊರಕೆ ಹಿಡಿದು ಮೂಲೆಮೂಲೆ ಹುಡುಕಿದಳು.

ಅವಳು ಒಮ್ಮೆ ಕೇಳಿದಳು, "ನಿಮ್ಮ ಮನೆಯವರು ಏನು ಮಾಡುತ್ತಾರೆ?"

"ಜಮೀನಿದೆ," ಎಂದೆ. ಕುರಿ ಕಾಯುತ್ತಾರೆ ಎನ್ನಲು ನಾಚಿಕೆಯಾಯಿತು. ತರಗತಿಯಲ್ಲಿ ಹದಿನಾಲ್ಕು ದೇಶದವರ ಎದುರಿಗೂ ಹಾಗೇ ಹೇಳಿದ್ದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಬೆಳಕಿನ ಮೇಜು

ನಮ್ಮ ಮೇಷ್ಟ್ರ ಹೆಸರು ಯಾನ್. ತೆಳ್ಳಗಿನ, ಉದ್ದ ಕತ್ತಿನ ಮನುಷ್ಯ, ಸಿಟ್ಟು ಎಂಬುದೇ ಗೊತ್ತಿಲ್ಲ. ಒಂದು ದಿನ ಪ್ರತಿಯೊಬ್ಬರಿಗೂ ಅವರವರ ನಾಡಿನ ಚಿತ್ರ ಕೊಟ್ಟರು. ಒಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ನನ್ನದನ್ನು ಹರಡಿದೆ.

ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಒಂದು ಕಪ್ಪು ಆಕಾರ ಕಣ್ಣಿಗೆ ಬಿತ್ತು. ಕೈಬೆರಳು ಚಾಚಿದ ಹಾಗೆ ಗುಡ್ಡಗಳ ಸಂದಿಗೆ ನುಗ್ಗಿದ ನೀರು. ಅಯ್ಯೋ, ನಮ್ಮ ಮಾರಿಕಣಿವೆ ಅಣೆಕಟ್ಟು! ಅಲ್ಲಿಂದ ವೇದಾವತಿಯ ಎಳೆ ಹಿಡಿದು ಬೆರಳು ಓಡಿಸಿದೆ. ಇದು ಹಿರಿಯೂರು. ಇದು ಹೊಸದುರ್ಗ. ಇಲ್ಲಿ ಹಾಲುರಾಮೇಶ್ವರ ಇರಬೇಕು, ನನಗೆ ಕೆಲಸ ಸಿಗಲಿ ಎಂದು ಅತ್ತಿಗೆ ಹರಕೆ ಹೊತ್ತು ನಡೆದುಕೊಂಡು ಹೋಗಿದ್ದ ಜಾಗ. ಮೂರು ತಿಂಗಳಿಂದ ಊರಿನ ಮುಖ ಕಾಣದವನು ನಾನು. ಭೂತಗನ್ನಡಿಯ ಗಾಜಿನ ಮೇಲೆ ಕಣ್ಣೀರು ಬಿತ್ತು. ಪಕ್ಕದಲ್ಲಿದ್ದ ಸುಡಾನಿನ ಗೆಳೆಯ ಏನೂ ಕೇಳದೆ ತನ್ನ ಕರವಸ್ತ್ರ ಕೊಟ್ಟ.

ಈ ಚಿತ್ರದಲ್ಲಿ ಬಣ್ಣಗಳೆಲ್ಲ ಅದಲುಬದಲು. ಹಸಿ ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಜೋರಾಗಿ ವಾಪಸ್ಸು ಎಸೆಯುತ್ತದೆ. ಉಪಗ್ರಹ ಅದನ್ನು ಹಿಡಿಯುತ್ತದೆ. ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟು ಅಚ್ಚು ಹಾಕುತ್ತಾರೆ. ಹೀಗಾಗಿ ಎಲ್ಲಿ ಹಸಿರು ಜೀವ ಇದೆಯೋ ಅಲ್ಲಿ ಕೆಂಪು. ಹೊಳಲ್ಕೆರೆಯ ತೋಟಗಳು ಕುಂಕುಮದ ಚುಕ್ಕೆಗಳು. ಜೋಗಿಮಟ್ಟಿಯ ಕಾಡು ಮಾಸಿದ ಕೆಂಪು. ತುರುವನೂರಿನ ಕಡೆಯ ಎರೆಹೊಲ, ಬೆಳೆ ಕೊಯ್ದಾಗಿತ್ತೇನೋ, ಕಡು ಬೂದು. ನಮ್ಮ ಹಟ್ಟಿಯ ಪಕ್ಕದ ಕರೇಕಲ್ಲು ಕಾವಲು ಮಾತ್ರ ಬಿಳಿಚಿಕೊಂಡು ಬಿದ್ದಿತ್ತು. ಒಂದು ಹನಿ ಕೆಂಪಿಲ್ಲ.

ಅದು ಶಿವರಾತ್ರಿಯ ಆಜುಬಾಜಿನ ಚಿತ್ರ. ಹುಲ್ಲು ಹಸಿರಾಗಿರುವ ತಿಂಗಳಲ್ಲಿ ಮೋಡ ಮುಚ್ಚಿರುತ್ತದೆ, ಮೋಡ ಇಲ್ಲದ ತಿಂಗಳಲ್ಲಿ ಹುಲ್ಲು ಒಣಗಿರುತ್ತದೆ. ಹಾಗೆ ಒಣಗಿ ನಿಂತ ಹುಲ್ಲಿಗೆ ನಾವು ಕರಡ ಎನ್ನುತ್ತೇವೆ. ಬಂಗಾರದ ಬಣ್ಣ, ಮೊಣಕಾಲುದ್ದ. ಮುಂಗಾರು ಬೀಳುವ ತನಕ ಕುರಿಗಳ ಹೊಟ್ಟೆ ತುಂಬಿಸುವುದು ಅದೇ. ಅದಕ್ಕೆ ಕಾಣದ ಬೆಳಕನ್ನು ಎಸೆಯುವ ಶಕ್ತಿ ಇಲ್ಲ, ಅಷ್ಟೇ. ನಾನು ಪೆನ್ಸಿಲಿನಲ್ಲಿ ಕಾವಲಿನ ಮೇಲೆ 'ಹುಲ್ಲುಗಾವಲು' ಎಂದು ಬರೆದೆ.

ಯಾನ್ ಬಂದು ಬಗ್ಗಿ ನೋಡಿದರು. "ಇಲ್ಲಿ ಹುಲ್ಲು ಇದೆ ಎನ್ನಲು ಆಧಾರ?"

"ನನಗೆ ಗೊತ್ತು. ನಾನು ಅಲ್ಲೇ ಬೆಳೆದವನು."

"ಈ ತಿಂಗಳಲ್ಲಿ ಅಲ್ಲಿ ಕೊನೆಯ ಬಾರಿ ಯಾವಾಗ ನಿಂತಿದ್ದಿರಿ?"

ಲೆಕ್ಕ ಹಾಕಿದೆ. ಕಾಲೇಜಿಗೆ ಸೇರಿದ ಮೇಲೆ ಹೋಗಿರಲಿಲ್ಲ. ಹನ್ನೆರಡು ವರ್ಷವಾಗಿತ್ತು.

"ಹಾಗಾದರೆ ಅದು ನೆನಪು, ಪುರಾವೆಯಲ್ಲ," ಎಂದರು, ಬಹಳ ಮೃದುವಾಗಿ. "ನೆಲದ ಮೇಲಿರುವವರನ್ನು ಕೇಳಿ. ಬರವಣಿಗೆಯಲ್ಲಿ ಕೇಳಿ. ಉತ್ತರವನ್ನು ನೀವೇ ಸೂಚಿಸಬೇಡಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮವರೂ ಹೇಳುತ್ತಾರಲ್ಲ. ಸರಿ ಎನಿಸಿತು. ಅವರು ಕೊಟ್ಟ ನಮೂನೆಯನ್ನು ಕನ್ನಡಕ್ಕೆ ತಿರುಗಿಸಿದೆ. 'ಸದರಿ ಸ್ಥಳದಲ್ಲಿ ಶಿವರಾತ್ರಿಯ ಸಮಯದಲ್ಲಿ ಹುಲ್ಲಿನ ಪ್ರಮಾಣ ಎಷ್ಟಿರುತ್ತದೆ? ಹೆಚ್ಚು / ಸಾಧಾರಣ / ಇಲ್ಲ.' ಹೊಳಲ್ಕೆರೆಗೆ ಒಬ್ಬ ಸಹೋದ್ಯೋಗಿಗೆ, ತುರುವನೂರಿಗೆ ಒಬ್ಬ ಮೇಷ್ಟ್ರಿಗೆ, ಕರೇಕಲ್ಲು ಕಾವಲಿಗೆ ಅಣ್ಣನಿಗೆ, ನಮ್ಮ ಇಲಾಖೆಯ ಮೂಲಕವೇ ಕಳಿಸಿದೆ; ಉತ್ತರವೂ ಹಾಗೇ ಬರಬೇಕಿತ್ತು. ಮೇಲೆ ಸಂಸ್ಥೆಯ ಮುದ್ರೆ, ಕೆಳಗೆ ಇಂಗ್ಲಿಷಿನಲ್ಲಿ ನನ್ನ ರುಜು. ಅಣ್ಣಾ, ಚೆನ್ನಾಗಿದ್ದೀಯಾ ಎಂದು ಒಂದು ಸಾಲು ಕೂಡ ಸೇರಿಸಲಿಲ್ಲ. ಸೇರಿಸಿದರೆ ಪುರಾವೆ ಕೆಡುತ್ತದೆ ಎಂದುಕೊಂಡೆ.

ಕಾಗದ ಬಂದ ದಿನ

ಆ ದಿನ ಹೆಂಡ್ರಿಕಾ ಅಜ್ಜಿಯ ಹುಟ್ಟುಹಬ್ಬ. ಅವರ ಹುಟ್ಟುಹಬ್ಬವೂ ಒಂದು ಸೋಜಿಗವೇ. ಹುಟ್ಟಿದವರಿಗೆ ಮಾತ್ರವಲ್ಲ, ಕೋಣೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು. ನೆರೆಮನೆಯವನು ನನ್ನ ಕೈ ಹಿಡಿದು, "ನಿಮ್ಮ ಮನೆಯೊಡತಿಗಾಗಿ ಅಭಿನಂದನೆ," ಎಂದ. ಏನು ಹೇಳಬೇಕೋ ತೋಚದೆ, "ಎಲ್ಲ ನಿಮ್ಮ ಆಶೀರ್ವಾದ," ಎಂದುಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಅಜ್ಜಿ, "ನಿನಗೂ ಒಂದು ಉಡುಗೊರೆ ಬಂದಿದೆ," ಎಂದು ನಮ್ಮ ಇಲಾಖೆಯಿಂದ ಬಂದ ಲಕೋಟೆ ಕೊಟ್ಟಳು.

ಒಳಗೆ ಶ್ರೀರಾಂಪುರದ ಅಂಚೆಯ ರಂಗಪ್ಪನ ಗುಂಡುಗುಂಡು ಅಕ್ಷರ, ಕೆಳಗೆ ಅಣ್ಣನ ಹೆಬ್ಬೆಟ್ಟು. ಹುಲ್ಲಿನ ಪ್ರಮಾಣ: ಇಲ್ಲ. ಷರಾ ಎಂಬ ಜಾಗದಲ್ಲಿ ಎರಡು ಮಾತು: ಬರೀ ಕಲ್ಲು.

ಆ ಎರಡು ಮಾತನ್ನು ನಾನು ಎಷ್ಟು ಸಲ ಕೇಳಿದ್ದೆ! ಹೊರಟ ದಿನವೂ ಕೇಳಿದ್ದೆ. ಆದರೆ ಕಾಗದದ ಮೇಲೆ, ನಮೂನೆಯ ಚೌಕದೊಳಗೆ, ಹೆಬ್ಬೆಟ್ಟಿನ ಪಕ್ಕದಲ್ಲಿ ನೋಡಿದಾಗ ನನಗೆ ಅಣ್ಣನ ದನಿ ಕೇಳಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಕಾವಲು ಕೆಟ್ಟಿದೆ, ಅಷ್ಟೇ, ಎಂದುಕೊಂಡೆ. ಊರಿನ ಮಾತನ್ನು ಮರೆಯಲು ನನಗೆ ಐದು ತಿಂಗಳು ಸಾಕಾಯಿತು.

ಮರುದಿನ 'ಹುಲ್ಲುಗಾವಲು' ಎಂದಿದ್ದನ್ನು ರಬ್ಬರಿನಿಂದ ಉಜ್ಜಿ ತೆಗೆದೆ. ಪಾಳು ನೆಲಕ್ಕೆ ಗೊತ್ತುಮಾಡಿದ್ದ ಬೂದು ಬಣ್ಣವನ್ನು ಕಾವಲಿನ ಉದ್ದಗಲಕ್ಕೂ ತುಂಬಿದೆ. ಅಂಚು ದಾಟದ ಹಾಗೆ, ಬಹಳ ಅಚ್ಚುಕಟ್ಟಾಗಿ. ಯಾನ್ ನೋಡಿ ಭುಜ ತಟ್ಟಿದರು. ನಕ್ಷೆಯ ಒಂದು ಪ್ರತಿ ಆ ವಾರವೇ ವಿಮಾನದ ಅಂಚೆಯಲ್ಲಿ ನಮ್ಮ ಇಲಾಖೆಗೆ ಹೋಯಿತು.

ಹೀದರ್ ಬಯಲು

ಆ ಬೇಸಿಗೆ ಹಾಲೆಂಡಿನಲ್ಲಿ ಮಳೆ ಕೈಕೊಟ್ಟಿತು. ಜನ ಕಂಗಾಲಾದರು. ಹೆಂಡ್ರಿಕಾ ಅಜ್ಜಿ ಮನೆ ಮುಂದಿನ ಹಳದಿ ಹುಲ್ಲಿನ ಮುಂದೆ ನಿಂತು, "ಸತ್ತುಹೋಯಿತು," ಎಂದು ಕಣ್ಣೊರೆಸಿಕೊಂಡಳು. "ಸತ್ತಿಲ್ಲ ಅಜ್ಜಿ, ಒಂದು ಮಳೆ ಬರಲಿ ನೋಡು," ಎಂದೆ. ಅವಳು ನಂಬಲಿಲ್ಲ. ಒಣಹುಲ್ಲು ಎಂದರೆ ಅವರಿಗೆ ಕೊಯ್ದು ಕೊಟ್ಟಿಗೆಯಲ್ಲಿಟ್ಟದ್ದು. ನೆಲದ ಮೇಲೆ ಒಣಗಿ ನಿಂತ ಹುಲ್ಲನ್ನು ಅವಳು ಕಂಡದ್ದೇ ಕಡಿಮೆ.

ಜುಲೈ ತಿಂಗಳಲ್ಲಿ ಯಾನ್ ನಮ್ಮನ್ನು ದೂರದ ಒಂದು ಬಯಲಿಗೆ ಕರೆದುಕೊಂಡು ಹೋದರು. ಹೀದರ್ ಎಂಬ ಕುರುಚಲು ಗಿಡ, ಅದರ ನಡುವೆ ಒಣಗಿದ ಹುಲ್ಲು. ಬಸ್ಸಿನಿಂದ ಇಳಿದು ನೋಡಿದೆ. ಬಂಗಾರದ ಬಣ್ಣ, ಮೊಣಕಾಲುದ್ದ. ಥೇಟ್ ಕರೇಕಲ್ಲು ಕಾವಲು. ಅದರ ತುಂಬ ಕುರಿ. ಒಬ್ಬ ಮುದುಕ ಕೋಲಿಗೆ ಗದ್ದ ಊರಿ ನಿಂತಿದ್ದ. ಕುರಿ ಕಾಯುವವರು ಪ್ರಪಂಚದಲ್ಲೆಲ್ಲ ಹಾಗೇ ನಿಲ್ಲುತ್ತಾರೇನೋ.

ಅವನು ನನ್ನ ಹೆಗಲ ಮೇಲಿನ ಕಂಬಳಿಯ ಅಂಚನ್ನು ಹಿಡಿದು, ಬೆರಳಲ್ಲಿ ಹೊಸೆದು, ಏನೋ ಅಂದ. ಯಾನ್ ಇಂಗ್ಲಿಷಿಗೆ ತಿರುಗಿಸಿದರು: "ಒರಟು ಉಣ್ಣೆ, ಒಳ್ಳೆಯ ಉಣ್ಣೆ, ಯಾರ ಕುರಿ ಎಂದು ಕೇಳುತ್ತಿದ್ದಾನೆ."

"ನಮ್ಮಣ್ಣನದು," ಎಂದೆ. ಹದಿನಾಲ್ಕು ದೇಶದವರ ಎದುರಿಗೆ ಮೊದಲ ಬಾರಿ ಹೇಳಿದ್ದೆ. ಯಾರೂ ನಗಲಿಲ್ಲ.

ಯಾನ್ ಮುದುಕನನ್ನು ಕೇಳಿದರು, "ನಿನ್ನ ಕುರಿ ಎಷ್ಟು?"

ನಾನು ಬೆಚ್ಚಿದೆ. ಹಾಗೆ ಕೇಳುತ್ತಾರೆಯೇ ಯಾರಾದರೂ? ಆದರೆ ಆ ಮುದುಕ ಒಂದು ಚೂರೂ ಅಳುಕದೆ, "ಇನ್ನೂರ ಆರು," ಎಂದ. ಮೇವು ಹೇಗಿದೆ ಎಂದರೆ, "ಒಣಗಿದೆ, ಆದರೆ ಬೇಕಾದಷ್ಟಿದೆ. ಚಳಿಗಾಲದವರೆಗೆ ಚಿಂತೆಯಿಲ್ಲ," ಎಂದ. ಎಲ್ಲರೆದುರಿಗೆ, ಬಯಲಲ್ಲಿ ನಿಂತು, ಜೋರಾಗಿ.

ಯಾನ್ ನೆಲ ನೋಡಿದರು, ಹುಲ್ಲು ಕಿತ್ತು ತಿನ್ನುತ್ತಿದ್ದ ಕುರಿಗಳನ್ನು ನೋಡಿದರು. "ಇದು ನಮ್ಮ ಚಿತ್ರದಲ್ಲಿ ಬರಿ ನೆಲದ ಹಾಗೆ ಕಾಣುತ್ತದೆ," ಎಂದರು ಮೆಲ್ಲಗೆ.

ನನಗೆ ಅವರ ಮಾತು ಎಲ್ಲೋ ದೂರದಿಂದ ಕೇಳಿಸಿತು. ಕಿವಿಯಲ್ಲಿ ಅಣ್ಣನ ದನಿ ತುಂಬಿಕೊಂಡಿತ್ತು. ಅವೆ ನಾಲ್ಕು. ಬರೀ ಕಲ್ಲು. ಅಯ್ಯೋ ದೇವರೇ, ಅದು ಉತ್ತರವೇ ಅಲ್ಲ! ಕೇಳಿದವರಿಗೆಲ್ಲ ನಮ್ಮವರು ಹೇಳುವ ಮಾತು ಅದು! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಲ್ಲೇ ಆ ಹುಲ್ಲಿನ ಮೇಲೆ ಕುಕ್ಕರಿಸಿಬಿಟ್ಟೆ. ಯಾನ್ ಗಾಬರಿಯಾಗಿ ನೀರು ಕೊಟ್ಟರು. ಅವರಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, "ತಪ್ಪು ನನ್ನದೂ ಹೌದು. ಇಂದೇ ತಂತಿ ಕೊಡೋಣ," ಎಂದರು. ಆ ನಾಡಿನವರ ನೇರ ಮಾತಿಗೆ ನಾನು ಕೈ ಮುಗಿದದ್ದು ಆ ದಿನ.

ತಂತಿ ಹೋಯಿತು: ಕರೇಕಲ್ಲು ಕಾವಲು ಪಾಳಲ್ಲ, ಹುಲ್ಲು, ಕೆಲಸ ನಿಲ್ಲಿಸಿ. ಹಿಂದೆಯೇ ನಾಲ್ಕು ಪುಟದ ಕಾಗದವೂ ಹೋಯಿತು. ಒಂದು ತಿಂಗಳಾದ ಮೇಲೆ ದೊಡ್ಡ ಸಾಹೇಬರ ಉತ್ತರ ಬಂತು. ನಕ್ಷೆಯನ್ನು ಮೇಲಿನವರು ಬಹಳ ಮೆಚ್ಚಿದ್ದಾರೆ, ಸಣ್ಣಪುಟ್ಟ ತಿದ್ದುಪಡಿಗಳನ್ನು ನೀವು ಹಿಂದಿರುಗಿದ ಮೇಲೆ ನೋಡೋಣ, ಎಂದಿತ್ತು.

ಕರೇಕಲ್ಲು ಕಾವಲು

ಸರ್ಕಾರದ ಕೆಲಸ ನಿಧಾನ ಎನ್ನುವವರು ಆ ಮುಂಗಾರಿನಲ್ಲಿ ನಮ್ಮ ಕಾವಲಿಗೆ ಬರಬೇಕಿತ್ತು. ನಾನು ಹಟ್ಟಿ ತಲುಪಿದಾಗ ದಸರೆ ಹತ್ತಿರವಿತ್ತು. ಬಸ್ಸಿನಿಂದಲೇ ಕಾಣಿಸಿತು. ಉದ್ದಕ್ಕೂ ಕಂದಕದಂತೆ ತೋಡಿದ ಅಗಳು, ಅಗಳಿನಾಚೆ ಮುಳ್ಳುತಂತಿ, ಒಳಗೆ ನೆಲವನ್ನೆಲ್ಲ ಉತ್ತು ಸಾಲುಸಾಲಾಗಿ ನೆಟ್ಟ ಗೇಣುದ್ದದ ನೀಲಗಿರಿ ಸಸಿ. ಉಳುವಾಗ ಮಗುಚಿಬಿದ್ದ ಹುಲ್ಲಿನ ಗಡ್ಡೆಗಳು ಬೇರು ಮೇಲಾಗಿ ಒಣಗಿದ್ದವು. ಇನ್ನು ಮೂರು ವರ್ಷಕ್ಕೆ ಉಪಗ್ರಹ ಇಲ್ಲಿ ಹಾದುಹೋದರೆ ಚಿತ್ರದಲ್ಲಿ ಕಾವಲು ಕೆಂಪಗೆ ಕಾಣುತ್ತದೆ. ನೋಡಿದವರು ಅಭಿವೃದ್ಧಿ ಎನ್ನುತ್ತಾರೆ.

ಅತ್ತಿಗೆ ಬಾಗಿಲಲ್ಲೇ ಕೈಕಾಲಿಗೆ ನೀರು ಕೊಟ್ಟಳು. "ಸೊರಗೀಯಲ್ಲೋ. ಅಲ್ಲಿ ಉಂಬಾಕೆ ಇಕ್ತಿರಲಿಲ್ವೇನು?" ಎಂದಳು. ರೊಪ್ಪದ ಕಡೆಯಿಂದ ಸದ್ದೇ ಇರಲಿಲ್ಲ. ನಾನು ಆ ಕಡೆ ನೋಡಿದ್ದನ್ನು ಕಂಡು ಅವಳು ಒಳಗೆ ಹೋದಳು.

ಅಣ್ಣ ಜಗುಲಿಯ ಮೇಲೆ ಕೂತಿದ್ದ. ನಾನು ಅವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ನಕ್ಷೆ ಮಾಡಿದವನು ನಾನು, ಬೂದು ಬಣ್ಣ ತುಂಬಿದವನು ನಾನು. ಹೇಳುತ್ತಾ ಅತ್ತೆ. ಅವನಿಗೆ ಇದು ಅದುವರೆಗೆ ಗೊತ್ತಿರಲಿಲ್ಲ.

"ಆ ಛಾಪಾ ಕಾಗದ ನಿಂದಾ?" ಎಂದ.

"ಹೂಂ, ನಂದೇ."

"ರಂಗಪ್ಪ ಅದನ್ನ ಹೋಟ್ಲು ಮುಂದೆ ಓದಿದ. ಸುತ್ತ ಇಪ್ಪತ್ತು ಜನ ಕುಂತಿದ್ರು, ನಾಕು ಹಟ್ಟಿಯೋರು. ಸರ್ಕಾರದ್ದು, ಹುಲ್ಲು ಎಷ್ಟೈತೆ ಅಂತ ಕೇಳೈತೆ, ಅಂದ. ಮೊದ್ಲೇ ಕಾಲ ಸರಿ ಇಲ್ಲ, ಸರ್ಕಾರ ಅಂದ್ರೆ ಎಲ್ರೂ ಹೆದರ್ತಿದ್ರು. ನಾನೇನಂತ ಹೇಳ್ಲೋ? ಹುಲ್ಲು ಐತೆ ಅಂತ ಹೇಳ್ಲಾ?"

"ಇಲ್ಲಣ್ಣ."

"ನೀನೇ ಕೇಳಿದ್ದು ಅಂತ ಗೊತ್ತಾಗಿದ್ರೆ, ಕಾಗದ ಮಡಚ್ಕಂಡು ಮನೀಗೆ ಬಂದು, ಮೊಣಕಾಲ್ಮಟ ಐತೆ ಕಣಲೇ ತಿಮ್ಮ, ಅಂತ ಬರೆಸ್ತಿದ್ದೆ. ಒಂದು ಮಾತು ಅಣ್ಣ ಅಂತ ಹಾಕ್ಬಾರ್ದಾಗಿತ್ತೇನೋ?"

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೇವಿಲ್ಲದೆ ಹಿಂಡನ್ನು ಹೊಡೆದುಕೊಂಡು ಹಿರಿಯೂರಿನ ಕಡೆಗೆ ಎರಡು ತಿಂಗಳು ಅಲೆದನಂತೆ. ಹೋದಲ್ಲೆಲ್ಲ ಅಲ್ಲಿಯವರು, "ಇಲ್ಲೆಲ್ಲೈತಪ್ಪ ಹುಲ್ಲು, ಬರೀ ಕಲ್ಲು," ಎಂದರಂತೆ. ಕೊನೆಗೆ ಹುಸೇನ್ ಸಾಬರೇ ಬಂದು ಕುರಿಗಳನ್ನು ಕೊಂಡುಕೊಂಡರು. ಹೊಡೆದುಕೊಂಡು ಹೋಗುವಾಗ ಸಾಬರೂ ಅತ್ತರು ಎಂದು ಅತ್ತಿಗೆ ಒಳಗಿನಿಂದಲೇ ಹೇಳಿದಳು.

ಮತ್ತೆ ಬಸ್ ಸ್ಟ್ಯಾಂಡು

ಎರಡು ದಿನವಿದ್ದು ಚಿತ್ರದುರ್ಗಕ್ಕೆ ಹೊರಟೆ. ನಕ್ಷೆ ತಿದ್ದಬೇಕು, ಸಾಹೇಬರ ಮುಂದೆ ನಿಲ್ಲಬೇಕು, ಬೇರೆ ಹಟ್ಟಿಗಳ ಕಾವಲುಗಳನ್ನಾದರೂ ಉಳಿಸಬೇಕು. ಅಣ್ಣನಿಗೆ ಅದನ್ನು ಹೇಳಿದೆ. "ಮಾಡಪ್ಪ," ಎಂದ. ನನ್ನ ಸೂಟ್‌ಕೇಸನ್ನು ಬೇಡವೆಂದರೂ ತಾನೇ ಹೊತ್ತುಕೊಂಡು, "ನಡಿ, ಹೋಗಾಣ," ಎಂದು ಮುಂದೆ ನಡೆದ.

ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಹೋಟೆಲಿನ ಬೆಂಚಿನ ಮೇಲೆ ಹುಸೇನ್ ಸಾಬರು ಕೂತಿದ್ದರು. ನಮ್ಮನ್ನು ಕಂಡು ಎದ್ದು ಜಾಗ ಮಾಡಿದರು. "ಬರ್ರಿ, ಬರ್ರಿ, ಕುಂತ್ಕಳ್ರಿ. ಹಾಲೆಂಡ್ ಸಾಹೇಬ್ರಿಗೆ ಒಂದು ಚಾ ಹೇಳ್ರಪ್ಪಾ," ಎಂದರು. ಚಾ ಬಂತು. ಮೂವರೂ ಕುಡಿದೆವು. ಸಾಬರು ಅಣ್ಣನ ಮುಖವನ್ನು ಒಂದೆರಡು ಸಲ ಕದ್ದು ನೋಡಿದರು. ರೊಪ್ಪದಲ್ಲಿ ಎಷ್ಟು ಉಳಿದಿವೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಬೀಡಿ ಹಚ್ಚಿ, ದನಿಯಲ್ಲಿ ಹಳೆಯ ತಮಾಷೆ ತಂದುಕೊಂಡು ಕೇಳಿದರು.

"ಏನಪ್ಪಾ ಕಾಟಣ್ಣ, ಕುರಿ ಎಷ್ಟು ಅವೆ?"

ಅಣ್ಣ ಲೋಟ ಕೆಳಗಿಟ್ಟ.

"ಹನ್ನೊಂದು," ಎಂದ. "ಅದ್ರಾಗೆ ಒಂದು ಕುಂಟು."

ಹೋಟೆಲಿನಲ್ಲಿ ಕೂತಿದ್ದ ಹಟ್ಟಿಯವರೆಲ್ಲ ತಿರುಗಿ ನೋಡಿದರು. ಸಾಬರ ಬೀಡಿ ಬಾಯಿಯಿಂದ ಕೆಳಗೆ ಬಿತ್ತು. ಅವರು ಅಣ್ಣನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಂಗೆಲ್ಲ ಹೇಳ್ಬಾರ್ದು ಕಾಟಣ್ಣ," ಎಂದರು. "ನಾಲ್ಕು ಅನ್ನು. ನಿನ್ನ ದಮ್ಮಯ್ಯ ಅಂತೀನಿ, ನಾಲ್ಕು ಅನ್ನು."

ಬಸ್ಸು ಬಂತು. ಸೂಟ್‌ಕೇಸನ್ನು ಅಣ್ಣ ಎತ್ತಿ ಬಸ್ಸಿನ ಮೇಲಕ್ಕೆ ಕೊಟ್ಟ.